ಇದು ಅಡುಗೆಮನೆಯ ಮೆಂತೆಯಲ್ಲ

ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡದ ಹುಡುಗಿಗೆ ಮೊದಲ ತಿಂಗಳು ಸಲೀಸು. ಹೆಚ್ಚುಕಡಿಮೆ ಬರೆದಂತೆಯೇ ಓದುವ ಭಾಷೆ ಅದು. ತೊಡಕು ಶುರುವಾಗುವುದು ಕ್ರಿಯಾವಿಶೇಷಣದ ಪಾಠಕ್ಕೆ ಬಂದಾಗ. ‘ಲೆಂತೊ’ ಎಂದರೆ ನಿಧಾನವಾದ. ಅದಕ್ಕೆ ‘ಮೆಂತೆ’ ಸೇರಿಸಿದರೆ ‘ನಿಧಾನವಾಗಿ’ ಎಂದಾಗಬೇಕು. (ಸಾರಿಗೆ ಹಾಕುವ ಮೆಂತೆಗೂ ಇದಕ್ಕೂ ನಂಟಿಲ್ಲ.) ನಮ್ಮ ‘ಆಗಿ’ಯಂತೆಯೇ ಇದೂ ಎಂದುಕೊಂಡು ಆಕೆ ‘ಲೆಂತೊಮೆಂತೆ’ ಎಂದು ಬರೆಯುತ್ತಾಳೆ. ಕೆಂಪು ಗೆರೆ ಬೀಳುತ್ತದೆ. ಸರಿಯಾದದ್ದು ‘ಲೆಂತಾಮೆಂತೆ’. ವಿಶೇಷಣವನ್ನು ಮೊದಲು ಸ್ತ್ರೀಲಿಂಗಕ್ಕೆ ತಿರುಗಿಸಬೇಕು. ನಡೆಯುತ್ತಿರುವವನು ಗಂಡಸಾದರೂ ಅಷ್ಟೇ!

‘ಯಾಕೆ ಹೀಗೆ?’ ಎಂದರೆ ‘ಅದು ನಿಯಮ, ಬಾಯಿಪಾಠ ಮಾಡು’ ಎಂಬ ಉತ್ತರ. ಹೀಗೆ ನಾಲ್ಕು ಸಲ ಕೇಳಿಸಿಕೊಂಡ ಮಗು ಈ ಭಾಷೆ ತನಗಲ್ಲ ಎಂದು ಪುಸ್ತಕ ಮುಚ್ಚಿಬಿಡುತ್ತದೆ. ಫೀಸು ಕಟ್ಟಿದ ಅಪ್ಪ, ಮಗಳಿಗೆ ಶ್ರದ್ಧೆಯಿಲ್ಲ ಎಂದು ಗೊಣಗುತ್ತಾರೆ. ಶ್ರದ್ಧೆಯಿದ್ದುದರಿಂದಲೇ ಅಲ್ಲವೆ ಅವಳು ಕೇಳಿದ್ದು?

ಕಾರಣ ಲ್ಯಾಟಿನ್ನಿನಲ್ಲಿದೆ. ಅಲ್ಲಿ ‘ಮೆನ್ಸ್’ ಎಂದರೆ ಮನಸ್ಸು. ‘ಮೆಂತೆ’ ಎಂದರೆ ಮನಸ್ಸಿನಿಂದ. ಆ ನಾಮಪದ ಸ್ತ್ರೀಲಿಂಗ. ಆದ್ದರಿಂದ ಅದರ ಹಿಂದೆ ನಿಂತ ವಿಶೇಷಣವೂ ಸ್ತ್ರೀಲಿಂಗ. ಎರಡು ಪದ ಕಾಲಕ್ರಮೇಣ ಅಂಟಿಕೊಂಡು ಒಂದಾದವು, ಮನಸ್ಸಿನ ಅರ್ಥ ಸವೆಯಿತು. ಈಗ ಮನಸ್ಸೇ ಇಲ್ಲದ ಮಳೆಯೂ ‘ಲೆಂತಾಮೆಂತೆ’ ಸುರಿಯುತ್ತದೆ. ಸಂಸ್ಕೃತದ ‘ಮನಸ್’, ‘ಮತಿ’ ಇದೇ ಬೇರಿನವು. ‘ಮನಸಾರೆ’ ಹೊಗಳುವ ಕನ್ನಡಿಗರಿಗೆ ಇದು ಪರಕೀಯವೇನಲ್ಲ.

ಹಳೆಯ ಬೆಸುಗೆ ಇಂದಿಗೂ ಕಾಣುತ್ತದೆ. ‘ನಿಧಾನವಾಗಿ, ಸ್ಪಷ್ಟವಾಗಿ’ ಎನ್ನಲು ‘ಲೆಂತಾ ಇ ಕ್ಲಾರಾಮೆಂತೆ’ ಎಂದರೆ ಸಾಕು. ಎರಡಕ್ಕೂ ಒಂದೇ ಮೆಂತೆ, ಅದೂ ಕೊನೆಯಲ್ಲಿ. ‘ಫಾಸಿಲ್’ನಂತೆ ಎರಡೂ ಲಿಂಗಕ್ಕೆ ಒಂದೇ ರೂಪವಿರುವ ಪದಗಳಿಗೆ ನೇರವಾಗಿ ಹಚ್ಚಬಹುದು. ‘ಚೆನ್ನಾಗಿ’ ಎನ್ನುವುದಕ್ಕೆ ಮಾತ್ರ ‘ಬಿಯೆನ್’ ಎಂಬ ಬೇರೆಯೇ ಪದವಿದೆ.

ಗುಟ್ಟು ತಿಳಿದ ಹುಡುಗಿ ಪ್ರಬಂಧದ ಸಾಲುಸಾಲಿಗೂ ಮೆಂತೆ ಉದುರಿಸತೊಡಗಿದರೆ ಅದೂ ಕಷ್ಟವೇ. 1982ರಲ್ಲಿ ನೊಬೆಲ್ ಪಡೆದ ಗಾರ್ಸಿಯಾ ಮಾರ್ಕೆಸ್‌ಗೆ ಈ ಪ್ರತ್ಯಯ ಕಂಡರಾಗುತ್ತಿರಲಿಲ್ಲ. ಅದು ಬರಹವನ್ನು ಬಡವಾಗಿಸುವ ಚಟವೆಂದು 2002ರ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ‘ಕುಯಿದಾದೋಸಾಮೆಂತೆ’ ಎಂದು ಉದ್ದಕ್ಕೆ ಎಳೆಯುವ ಬದಲು ‘ಕೊನ್ ಕುಯಿದಾದೊ’, ಅಂದರೆ ‘ಎಚ್ಚರದಿಂದ’, ಎಂದರೆ ಸ್ಪೇನಿನ ಅಜ್ಜಿಗೂ ಅದೇ ರೂಢಿ.