ಓನ್ಲಿಯ ಓಡಾಟ

ಇಂಗ್ಲಿಷ್ ಪತ್ರಿಕೆ ಓದುವಾಗ ನನ್ನ ಕೈಯಲ್ಲೊಂದು ಪೆನ್ಸಿಲ್ ಇದ್ದೇ ಇರುತ್ತದೆ. ಕ್ರಿಯಾವಿಶೇಷಣ ಕಣ್ಣಿಗೆ ಬಿದ್ದ ಕಡೆಯೆಲ್ಲ ಅದರ ಸುತ್ತ ಒಂದು ಸುತ್ತು ಹಾಕುತ್ತೇನೆ. ಆಮೇಲೆ ಆ ಪದವನ್ನು ಅದೇ ವಾಕ್ಯದಲ್ಲಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸರಿಸಿ ಓದಿ ನೋಡುತ್ತೇನೆ. ಇಷ್ಟು ಅಗ್ಗದ, ಇಷ್ಟು ಸುಖದ ಹವ್ಯಾಸ ಇನ್ನೊಂದು ನನಗೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ನಾಮಪದಗಳನ್ನು ಹೀಗೆ ಸರಿಸಲಾಗದು. ‘ರಾಮ ಕಿಲ್ಡ್ ರಾವಣ’ ಎಂಬಲ್ಲಿ ಎರಡು ಹೆಸರು ಅದಲುಬದಲಾದರೆ ರಾಮಾಯಣವೇ ತಲೆಕೆಳಗು. ನಮ್ಮಲ್ಲಾದರೆ ‘ರಾವಣನನ್ನು ರಾಮ ಕೊಂದ’ ಅಂದರೂ ಸತ್ತವನು ರಾವಣನೇ, ವಿಭಕ್ತಿ ಕಾಯುತ್ತದೆ. ಇಂಗ್ಲಿಷಿಗೆ ಆ ಕಾವಲಿಲ್ಲ, ಆದ್ದರಿಂದ ಪದಗಳೆಲ್ಲ ತಮ್ಮ ತಮ್ಮ ಜಾಗ ಬಿಟ್ಟು ಕದಲುವುದಿಲ್ಲ. ಅಂಥ ಶಿಸ್ತಿನ ಮನೆಯಲ್ಲಿ ಓಡಾಡುವ ಸಲುಗೆ ಇರುವುದು ಹೆಚ್ಚಾಗಿ ಕ್ರಿಯಾವಿಶೇಷಣಕ್ಕೆ. ಅದು ಜಾಗ ಬದಲಿಸಿದಾಗ ಅರ್ಥವೂ ಕೊಂಚ ಜರುಗುತ್ತದೆ. ಆ ಜರುಗುವುದನ್ನು ಹಿಡಿಯುವುದೇ ಆಟ.

ಈ ಆಟಕ್ಕೆ ‘ಓನ್ಲಿ’ಗಿಂತ ಒಳ್ಳೆಯ ಕಾಯಿ ಇಲ್ಲ. ‘ಷಿ ಲೆಂಟ್ ಮಿ ಹರ್ ಪೆನ್ ಯೆಸ್ಟರ್‌ಡೇ’ ಎಂಬ ಸಾದಾ ವಾಕ್ಯ ತೆಗೆದುಕೊಳ್ಳಿ. ‘ಓನ್ಲಿ’ಯನ್ನು ‘ಷಿ’ಗೆ ಮೊದಲು ಇಟ್ಟರೆ ಪೆನ್ನು ಕೊಟ್ಟವಳು ಅವಳೊಬ್ಬಳೇ, ಉಳಿದವರು ಯಾರೂ ಕೊಡಲಿಲ್ಲ. ‘ಲೆಂಟ್’ಗೆ ಮೊದಲು ಇಟ್ಟರೆ ಎರವಲು ಕೊಟ್ಟಳಷ್ಟೇ, ವಾಪಸು ಮಾಡಬೇಕು. ‘ಮಿ’ಗೆ ಮೊದಲು ಇಟ್ಟರೆ ನನಗೊಬ್ಬನಿಗೇ ಕೊಟ್ಟಳು; ಇಲ್ಲಿ ಬೇರೊಂದು ಕಥೆಯೇ ಶುರುವಾಗಬಹುದು. ‘ಹರ್ ಪೆನ್’ಗೆ ಮೊದಲಾದರೆ ಪೆನ್ನು ಮಾತ್ರ, ನೋಟ್ಸು ಕೊಡಲಿಲ್ಲ. ‘ಯೆಸ್ಟರ್‌ಡೇ’ಗೆ ಮೊದಲಾದರೆ ಕೊಟ್ಟದ್ದು ನಿನ್ನೆಯಷ್ಟೇ, ಇಷ್ಟು ಬೇಗ ವಾಪಸು ಕೇಳುವುದೇ? ಪುಟ್ಟದೊಂದು ಪದ ಸುಮ್ಮನೆ ಹೆಜ್ಜೆ ಮುಂದಿಡುತ್ತಾ ಹೋದಂತೆ ಒಂದೇ ಪೆನ್ನಿನ ಸುತ್ತ ಐದು ಸಂಗತಿಗಳು ಹುಟ್ಟಿಕೊಂಡವು.

ಮಾತಿನಲ್ಲಿ ಇಂಗ್ಲಿಷರು ಇಷ್ಟು ಕಟ್ಟುನಿಟ್ಟಾಗಿರುವುದಿಲ್ಲ. ‘ಓನ್ಲಿ’ಯನ್ನು ಕ್ರಿಯಾಪದಕ್ಕೆ ಮೊದಲು ನಿಲ್ಲಿಸಿ, ಎಲ್ಲಿ ಒತ್ತಬೇಕೋ ಆ ಪದವನ್ನು ದನಿಯಲ್ಲಿ ಒತ್ತುತ್ತಾರೆ. 1926ರಲ್ಲಿ ಬಂದ ಫೌಲರನ ಇಂಗ್ಲಿಷ್ ಬಳಕೆಯ ಕೋಶ ಕೂಡ ಈ ಸಹಜ ಜಾಗವನ್ನೇ ಎತ್ತಿಹಿಡಿದು, ಎಲ್ಲದಕ್ಕೂ ತಪ್ಪು ಹುಡುಕುವವರನ್ನು ಗದರಿತು. ಬರಹಕ್ಕೆ ದನಿಯಿಲ್ಲ, ಆದ್ದರಿಂದ ಅಲ್ಲಿ ಜಾಗವೇ ದನಿ.

ಕನ್ನಡಕ್ಕೆ ಈ ಪೇಚಾಟವೇ ಇಲ್ಲ. ಅವಳೇ, ನನಗೇ, ಪೆನ್ನೇ, ನಿನ್ನೆಯೇ. ಒಂದು ಏಕಾರವನ್ನು ಬೇಕಾದ ಪದದ ಬಾಲಕ್ಕೆ ಅಂಟಿಸಿದರೆ ಮುಗಿಯಿತು. ಬೆಂಗಳೂರಿನ ಆಫೀಸುಗಳಲ್ಲಿ ‘ಐ ಕೇಮ್ ಯೆಸ್ಟರ್‌ಡೇ ಓನ್ಲಿ’, ‘ಹಿ ಈಸ್ ಲೈಕ್ ದಟ್ ಓನ್ಲಿ’ ಎಂದು ಕೇಳಿದಾಗ ನನಗೆ ಖುಷಿಯಾಗುತ್ತದೆ. ‘ನಿನ್ನೆಯೇ ಬಂದೆ’, ‘ಅವನಿರೋದೇ ಹಾಗೆ’ ಎಂಬ ನಮ್ಮ ಏಕಾರ ಅಲ್ಲಿ ಇಂಗ್ಲಿಷ್ ಅಂಗಿ ತೊಟ್ಟು, ಪದದ ಬಾಲದಲ್ಲೇ ಬಂದು ಕೂತಿದೆ. ಹಿಂದಿಯವರ ‘ಹೀ’ ಕೂಡ ಅದೇ ಜಾಗಕ್ಕೆ ಬರುತ್ತದೆ. ಇದನ್ನು ತಪ್ಪೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುವವರ ಜೊತೆ ನಾನಿಲ್ಲ.

ಸಲುಗೆ ಇದ್ದರೂ ಕ್ರಿಯಾವಿಶೇಷಣಕ್ಕೆ ಪ್ರವೇಶವಿಲ್ಲದ ಬಾಗಿಲೂ ಒಂದಿದೆ. ರೀತಿಯನ್ನು ಹೇಳುವ ಪದವನ್ನು ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಇಂಗ್ಲಿಷ್ ಬಿಟ್ಟುಕೊಳ್ಳುವುದಿಲ್ಲ. ‘ಷಿ ಸ್ಪೀಕ್ಸ್ ಕನ್ನಡ ವೆಲ್’ ಸರಿ. ‘ಷಿ ಸ್ಪೀಕ್ಸ್ ವೆಲ್ ಕನ್ನಡ’ ಎಂದರೆ ಕಿವಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ. ‘ಆಲ್ವೇಸ್’ನಂಥವು ಮುಖ್ಯ ಕ್ರಿಯಾಪದಕ್ಕೆ ಮೊದಲು ನಿಲ್ಲುತ್ತವೆ, ‘ಈಸ್’ ಬಂದರೆ ಅದಕ್ಕೆ ದಾರಿಬಿಟ್ಟು ಅದರ ಬಳಿಕ ನಿಲ್ಲುತ್ತವೆ: ‘ಹಿ ಆಲ್ವೇಸ್ ಕಮ್ಸ್ ಲೇಟ್’, ‘ಹಿ ಈಸ್ ಆಲ್ವೇಸ್ ಲೇಟ್’. ‘ನೆವರ್’ನ ಗತ್ತೇ ಬೇರೆ. ಅದು ಎದ್ದು ವಾಕ್ಯದ ತಲೆಗೆ ಬಂದರೆ ಸಹಾಯಕ ಕ್ರಿಯಾಪದ ಕರ್ತೃವನ್ನು ಹಿಂದಕ್ಕೆ ತಳ್ಳಿ ಮುಂದೆ ಬರಲೇಬೇಕು: ‘ನೆವರ್ ಹ್ಯಾವ್ ಐ ಸೀನ್’.

ಅಲ್ಪವಿರಾಮವೂ ಈ ಆಟದಲ್ಲಿ ಸೇರುತ್ತದೆ. ‘ಹಿ ಸ್ಪೋಕ್ ವೈಸ್ಲಿ’ ಅಂದರೆ ಆಡಿದ ಮಾತು ವಿವೇಕದ್ದು. ‘ವೈಸ್ಲಿ’ ಮುಂದೆ ಬಂದು ಅದರ ಬಳಿಕ ಒಂದು ಅಲ್ಪವಿರಾಮ ಬಿತ್ತೋ, ವಿವೇಕವಿರುವುದು ಬಾಯಿ ಬಿಟ್ಟದ್ದರಲ್ಲಿ. ಆಡಿದ್ದು ಏನೇ ಇರಲಿ. ಮೊದಲನೆಯದು ಕ್ರಿಯೆಯ ರೀತಿ, ಎರಡನೆಯದು ಅದನ್ನು ನೋಡಿದವನ ತೀರ್ಪು. ‘ಹೋಪ್‌ಫುಲಿ’ಯನ್ನು ಹೀಗೆ ವಾಕ್ಯದ ತಲೆಗೆ ತಂದದ್ದಕ್ಕೆ ಅಮೆರಿಕದಲ್ಲಿ ದಶಕಗಟ್ಟಲೆ ಜಗಳವಾಯಿತು. ಕೊನೆಗೆ 2012ರಲ್ಲಿ ಅಸೋಸಿಯೇಟೆಡ್ ಪ್ರೆಸ್ಸಿನ ಶೈಲಿ ಕೈಪಿಡಿ ಒಪ್ಪಿಕೊಂಡಿತು.

ಶಾಲೆಯಲ್ಲಿ ನಮಗೆ ಕಲಿಸಿದ್ದು ಒಂದೇ ಗುರುತು: ಕೊನೆಗೆ ‘ಲಿ’ ಇದ್ದರೆ ಕ್ರಿಯಾವಿಶೇಷಣ. ಆದರೆ ‘ಫ್ರೆಂಡ್ಲಿ’, ‘ಲವ್ಲಿ’ ಗುಣವಾಚಕಗಳು. ‘ಫಾಸ್ಟ್’, ‘ಹಾರ್ಡ್’ ಬಾಲವಿಲ್ಲದೆಯೂ ಕ್ರಿಯಾವಿಶೇಷಣಗಳು. ಕಾರಣ ಹಳೆಯ ಇಂಗ್ಲಿಷಿನಲ್ಲಿದೆ. ಆಗ ‘ಲಿಚ್’ ಎಂದು ಕೊನೆಯಾದರೆ ಗುಣವಾಚಕ. ಅದಕ್ಕೊಂದು ಎಕಾರ ಸೇರಿ ‘ಲಿಚೆ’ ಆದರೆ ಕ್ರಿಯಾವಿಶೇಷಣ. ಆ ‘ಲಿಚ್’ ಮೂಲದಲ್ಲಿ ದೇಹ, ಆಕಾರ ಎಂಬರ್ಥದ ಪದ; ಇಂದಿನ ‘ಲೈಕ್’ ಅದರ ಬಂಧು. ಸಾದಾ ಗುಣವಾಚಕಗಳಿಗೂ ಬರೀ ಎಕಾರ ಹಚ್ಚಿ ಕ್ರಿಯಾವಿಶೇಷಣ ಮಾಡುತ್ತಿದ್ದರು. ಕಾಲಕ್ರಮದಲ್ಲಿ ಮಾತಿನ ತುದಿಯ ಆ ಎಕಾರ ಸವೆದುಹೋಯಿತು. ಎರಡೂ ‘ಲಿ’ಗಳು ಒಂದೇ ಆದವು, ‘ಹಾರ್ಡ್’ ಬೋಳಾಗಿ ಉಳಿಯಿತು. ‘ಹಾರ್ಡ್ಲಿ’ ಆಮೇಲೆ ಬೇರೆ ಕೆಲಸಕ್ಕೆ ಸೇರಿಕೊಂಡಿತು: ‘ಹಿ ವರ್ಕ್ಸ್ ಹಾರ್ಡ್’ ಎಂದರೆ ಮೈಮುರಿದು ದುಡಿಯುತ್ತಾನೆ, ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ಕೆಲಸ ಮಾಡುವುದೇ ಅಪರೂಪ. ರಸ್ತೆ ಬದಿಯ ‘ಗೋ ಸ್ಲೋ’ ಹಲಗೆಯಲ್ಲಿ ತಪ್ಪಿದೆ ಎನ್ನುವವರಿಗೆ ನಾನು ಈ ಎಕಾರದ ಕಥೆಯನ್ನು ಪೂರ್ತಿ ಹೇಳಿಯೇ ಬಿಡುತ್ತೇನೆ.

ಬರವಣಿಗೆ ಕಲಿಸುವವರಿಗೆ ಕ್ರಿಯಾವಿಶೇಷಣ ಕಂಡರಾಗದು. ಸ್ಟೀಫನ್ ಕಿಂಗ್ 2000ದಲ್ಲಿ ಬಂದ ‘ಆನ್ ರೈಟಿಂಗ್’ ಪುಸ್ತಕದಲ್ಲಿ ಅದರ ಮೇಲೆ ಯುದ್ಧವನ್ನೇ ಸಾರಿದ್ದಾನೆ. ಸಂಭಾಷಣೆಯ ಬಾಲಕ್ಕೆ ‘ಆಂಗ್ರಿಲಿ’, ‘ಸ್ಯಾಡ್ಲಿ’ ಕಟ್ಟುವುದು ಬೇಡವೆಂಬುದನ್ನು ನಾನೂ ಒಪ್ಪುತ್ತೇನೆ. ಕೋಪ ಮಾತಿನಲ್ಲೇ ಕಾಣಬೇಕು. ಆದರೆ ಕ್ರಿಯಾವಿಶೇಷಣವೆಂದರೆ ಬರೀ ಒಗ್ಗರಣೆ ಎಂಬ ತಾತ್ಸಾರವನ್ನು ನಾನು ಒಪ್ಪಲಾರೆ. ಅಂಥವರು ಒಮ್ಮೆ ಕಾನೂನಿನ ಪುಸ್ತಕ ತೆರೆಯಬೇಕು.

ಅಮೆರಿಕದ ಸುಪ್ರೀಂ ಕೋರ್ಟು 2009ರಲ್ಲಿ ಒಂದೇ ಒಂದು ಕ್ರಿಯಾವಿಶೇಷಣದ ಮೇಲೆ ಮೊಕದ್ದಮೆ ತೀರ್ಮಾನಿಸಿತು. ಮೆಕ್ಸಿಕೋದ ಕಾರ್ಮಿಕನೊಬ್ಬ ಕೆಲಸದಲ್ಲಿ ಉಳಿಯಲು ಸುಳ್ಳು ಗುರುತು ಚೀಟಿ ಕೊಟ್ಟಿದ್ದ. ಅದರಲ್ಲಿದ್ದ ಸಂಖ್ಯೆ ನಿಜವಾಗಿ ಬೇರೊಬ್ಬರದಾಗಿತ್ತು. ಇನ್ನೊಬ್ಬ ವ್ಯಕ್ತಿಯ ಗುರುತನ್ನು ‘ನೋಯಿಂಗ್ಲಿ’, ಅಂದರೆ ತಿಳಿದೂ ತಿಳಿದೂ, ಬಳಸಿದವನಿಗೆ ಎರಡು ವರ್ಷ ಹೆಚ್ಚುವರಿ ಸೆರೆ ಎಂದಿತ್ತು ಕಾನೂನು. ಚೀಟಿ ಸುಳ್ಳೆಂದು ಅವನಿಗೆ ಗೊತ್ತಿತ್ತು. ಅದರ ಮೇಲಿನ ಸಂಖ್ಯೆ ಜೀವಂತ ಮನುಷ್ಯನೊಬ್ಬನದೆಂದು ಗೊತ್ತಿತ್ತೇ? ಹಾಗಾದರೆ ‘ನೋಯಿಂಗ್ಲಿ’ಯ ಕೈ ಎಲ್ಲಿಯವರೆಗೆ ಚಾಚುತ್ತದೆ? ‘ಬಳಸಿದ’ ಎಂಬಲ್ಲಿಗೇ ನಿಲ್ಲುತ್ತದೆಯೋ, ವಾಕ್ಯದ ಕೊನೆಯ ‘ಇನ್ನೊಬ್ಬ ವ್ಯಕ್ತಿ’ಯನ್ನೂ ಮುಟ್ಟುತ್ತದೆಯೋ? ಕೊನೆಯವರೆಗೂ ಮುಟ್ಟುತ್ತದೆ ಎಂದು ನ್ಯಾಯಮೂರ್ತಿ ಸ್ಟೀಫನ್ ಬ್ರೆಯರ್ ತೀರ್ಪು ಬರೆದರು. ಆ ಸಂಖ್ಯೆ ಮತ್ತೊಬ್ಬರದೆಂದು ಅವನಿಗೆ ತಿಳಿದಿತ್ತೆಂದು ಸರ್ಕಾರ ಸಾಬೀತು ಮಾಡಬೇಕು. ನಾನು ಪೆನ್ಸಿಲ್ ಹಿಡಿದು ಆಡುವ ಆಟವನ್ನೇ ಅಷ್ಟು ದೊಡ್ಡ ಪೀಠ ಆಡಿತಲ್ಲ ಎಂದು ನಾನು ಆ ತೀರ್ಪನ್ನು ಮತ್ತೆ ಮತ್ತೆ ಓದಿದೆ.

ಅಷ್ಟು ದೂರವೂ ಹೋಗಬೇಕಿಲ್ಲ. ಮೆಕಾಲೆಯ ಆಯೋಗ ಕರಡು ಬರೆದು, 1860ರಲ್ಲಿ ಜಾರಿಗೆ ಒಪ್ಪಿಗೆ ಪಡೆದ ನಮ್ಮ ದಂಡಸಂಹಿತೆಯಲ್ಲಿ ಕ್ರಿಯಾವಿಶೇಷಣಗಳಿಗೇ ಪ್ರತ್ಯೇಕ ಕಲಮುಗಳಿದ್ದವು: 24ನೆಯದು ‘ಡಿಸಾನೆಸ್ಟ್ಲಿ’, 25ನೆಯದು ‘ಫ್ರಾಡ್ಯುಲೆಂಟ್ಲಿ’, 39ನೆಯದು ‘ವಾಲಂಟರಿಲಿ’. 2023ರ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇವು ವ್ಯಾಖ್ಯೆಗಳ ಪಟ್ಟಿಯಲ್ಲಿವೆ. ಕಳ್ಳತನವೆಂದರೆ ಇನ್ನೊಬ್ಬರ ವಶದಲ್ಲಿರುವ ವಸ್ತುವನ್ನು ಒಪ್ಪಿಗೆಯಿಲ್ಲದೆ ‘ಡಿಸಾನೆಸ್ಟ್ಲಿ’ ಒಯ್ಯುವ ಉದ್ದೇಶದಿಂದ ಕದಲಿಸುವುದು. ತನ್ನದೇ ಎಂದು ಪ್ರಾಮಾಣಿಕವಾಗಿ ನಂಬಿ ಬೇರೆಯವರದನ್ನು ಒಯ್ದವನು ಕಳ್ಳನಲ್ಲ ಎಂದು ಆ ಕಲಮಿನ ಕೆಳಗೆ ಒಂದು ಉದಾಹರಣೆಯೂ ಇದೆ. ಆ ಒಂದು ಪದವನ್ನು ಪೆನ್ಸಿಲಿನಿಂದ ಹೊಡೆದುಹಾಕಿ ಮತ್ತೆ ಓದಿ ನೋಡಿ. ಮದುವೆ ಮನೆಯಲ್ಲಿ ಗುರುತು ತಪ್ಪಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದವರೆಲ್ಲ ಆ ಕಲಮಿನ ಒಳಗೆ ಬಂದುಬಿಡುತ್ತಾರೆ.