ಇವತ್ತೊಂದು ದಿನ

ನಮ್ಮ ಅತ್ತೆಯವರಿಗೆ ಈಗ 84 ವರ್ಷ. ಸಂಜೆ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ಅವರ ದನಿ ಕೇಳುತ್ತದೆ, "ಅಣ್ಣ ಬಂದನೇನೇ?" ಅವರ ಅಣ್ಣ ತೀರಿಕೊಂಡು ಮೂವತ್ತು ವರ್ಷ ಕಳೆದಿದೆ. ಕೈಕಾಲು ತೊಳೆದು ಕಾಫಿಗೆ ನೀರಿಡುವಾಗ ಮತ್ತೆ, "ಅಣ್ಣ ಬಂದನೇನೇ?" ಲೋಟ ಕೈಗೆ ಕೊಡುವಾಗ ಮತ್ತೊಮ್ಮೆ. ರಾತ್ರಿ ಹಾಸಿಗೆ ಹಾಸುವ ಹೊತ್ತಿಗೆ ಈ ಪ್ರಶ್ನೆ ನಲವತ್ತು ಸಲವಾದರೂ ಆಗಿರುತ್ತದೆ.

ಮೊದಮೊದಲು ನಾನು ನಿಜವನ್ನೇ ಹೇಳುತ್ತಿದ್ದೆ. "ಅವರು ಹೋಗಿ ಎಷ್ಟೋ ವರ್ಷವಾಯ್ತಲ್ಲಮ್ಮಾ." ಆಗ ತಾನೇ ಸುದ್ದಿ ಕೇಳಿದವರಂತೆ ಅತ್ತೆ ಗೋಳೋ ಎಂದು ಅಳುತ್ತಿದ್ದರು. ಹತ್ತು ನಿಮಿಷ ಕಳೆದರೆ ಮತ್ತೆ ಅದೇ ಪ್ರಶ್ನೆ. "ಇದು ಮರೆವಿನ ಕಾಯಿಲೆ. ವಾದ ಮಾಡಬೇಡಿ, ತಿದ್ದಬೇಡಿ" ಎಂದರು ವೈದ್ಯರು. ಇಪ್ಪತ್ತೆಂಟು ವರ್ಷ ಕೆಂಪು ಶಾಯಿಯಲ್ಲಿ ತಿದ್ದಿಕೊಂಡೇ ಬಂದವಳಿಗೆ ಇದಕ್ಕಿಂತ ಕಷ್ಟದ ಪಥ್ಯ ಬೇರೆ ಇಲ್ಲ.

ಎರಡು ವರ್ಷದ ಹಿಂದೆ, ಪರೀಕ್ಷೆಯ ಕಾಲ. ಊಟದ ಮೇಜಿನ ಮೇಲೆ ಎಂಟನೇ ತರಗತಿಯ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ ಕೂತಿದ್ದೆ. ಕುಕ್ಕರ್ ಕೂಗಿತೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಡಿಕಾಕ್ಷನ್ ಪಾತ್ರೆಯನ್ನು ಎತ್ತಿ ಪತ್ರಿಕೆಗಳ ಮೇಲೆ ಸುರಿದಿದ್ದರು. "ಗಿಡ ಒಣಗಿತ್ತು ಕಣೇ" ಎಂದರು. ನಾನೇನು ಮಾಡಿದೆನೆಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಅವರ ಮಣಿಕಟ್ಟು ಹಿಡಿದು ದರದರ ಎಳೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದೆ. ಬಾಯಿಗೆ ಬಂದದ್ದೆಲ್ಲ ಅಂದೆ.

ಮರುದಿನ ಸ್ನಾನ ಮಾಡಿಸುವಾಗ ಅವರ ಕೈಯ ಮೇಲೆ ನನ್ನ ನಾಲ್ಕು ಬೆರಳು ನೀಲಿಗಟ್ಟಿದ್ದವು. "ಇದೇನಮ್ಮಾ?" ಎಂದೆ, ಗೊತ್ತಿಲ್ಲದವಳಂತೆ. ಅತ್ತೆ ಕೈಯನ್ನು ತಿರುಗಿಸಿ ನೋಡಿಕೊಂಡು, "ಯಾರೋ ಹಿಡಿದಿದ್ದರು ಕಣೇ. ನೀನಿರಲಿಲ್ಲ" ಎಂದರು.

ಆ ವರ್ಷದ ಬೇಸಿಗೆ ರಜದಲ್ಲಿ ನಮ್ಮ ಡ್ರಾಯಿಂಗ್ ಮೇಡಂ ಎರಡು ದಿನದ ರೇಕಿ ಶಿಬಿರಕ್ಕೆ ಕರೆದಾಗ ಇಲ್ಲವೆನ್ನಲಿಲ್ಲ. 1990ರ ದಶಕದಲ್ಲಿ ಇಂಥ ಶಿಬಿರಗಳು ನಮ್ಮ ಊರುಗಳಿಗೆ ಬಂದಾಗ ನಕ್ಕವರಲ್ಲಿ ನಾನೂ ಒಬ್ಬಳು. ಈಗಲೂ ಕೈಯಿಂದ ಶಕ್ತಿ ಹರಿಯುತ್ತದೆಂಬುದರಲ್ಲಿ ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ಅಂಗೈ ಬೆಚ್ಚಗಾಯಿತು, ನಿಜ. ಮೇ ತಿಂಗಳಲ್ಲಿ ಯಾರ ಅಂಗೈ ಬೆಚ್ಚಗಿರುವುದಿಲ್ಲ? ರೇಕಿಯಿಂದ ರೋಗ ವಾಸಿಯಾಗುತ್ತದೆಂದು ವೈದ್ಯವಿಜ್ಞಾನ ಒಪ್ಪಿಲ್ಲ. ಅತ್ತೆಯವರ ಮಾತ್ರೆಗಳನ್ನಾಗಲಿ, ನನ್ನ ಬಿ.ಪಿ. ಮಾತ್ರೆಯನ್ನಾಗಲಿ ನಾನು ಒಂದು ದಿನವೂ ತಪ್ಪಿಸಿಲ್ಲ. ನೀವೂ ತಪ್ಪಿಸಬೇಡಿ.

ನಾನು ಅಲ್ಲಿಂದ ತಂದದ್ದು ಐದು ನಿಯಮಗಳ ಒಂದು ಚೀಟಿಯನ್ನು ಮಾತ್ರ. ಸಮಾಜ ಪಾಠ ಹೇಳುವವಳಾದ್ದರಿಂದ ಅದು ಎಲ್ಲಿಂದ ಬಂತೆಂದು ಹುಡುಕಿದೆ. ಮಿಕಾವೊ ಉಸುಯಿ ಎಂಬವರು 1865ರಲ್ಲಿ ಜಪಾನಿನ ಗಿಫು ಪ್ರಾಂತ್ಯದಲ್ಲಿ ಹುಟ್ಟಿದರು. 1922ರಲ್ಲಿ ಕ್ಯೋಟೋ ಬಳಿಯ ಕುರಾಮಾ ಬೆಟ್ಟದಲ್ಲಿ 21 ದಿನ ಉಪವಾಸವಿದ್ದು ಧ್ಯಾನ ಮಾಡಿದ ಮೇಲೆ ಈ ವಿದ್ಯೆ ತಮಗೆ ಒಲಿಯಿತೆಂದರು. ಮರುವರ್ಷ ಸೆಪ್ಟೆಂಬರಿನಲ್ಲಿ ಮಹಾಭೂಕಂಪವಾಗಿ ಟೋಕಿಯೊ ಸುಟ್ಟು ನೆಲಸಮವಾದಾಗ ಗಾಯಾಳುಗಳ ನಡುವೆ ಓಡಾಡಿ ಶುಶ್ರೂಷೆ ಮಾಡಿದರು. 1926ರಲ್ಲಿ ತೀರಿಕೊಂಡರು. ಶಿಬಿರದಲ್ಲಿ ಅವರನ್ನು ಕ್ರೈಸ್ತ ಕಾಲೇಜಿನ ಉಪಾಧ್ಯಾಯರೆಂದು ಹೇಳಿದ್ದರು. ಅದಕ್ಕೆ ದಾಖಲೆ ಸಿಗುವುದಿಲ್ಲವಂತೆ.

ರೇಕಿಯನ್ನು ಜಪಾನಿನಿಂದ ಹೊರಗೆ ತಂದವರು ಒಬ್ಬ ಹೆಂಗಸು ಎಂಬುದು ನನಗೆ ಹೆಚ್ಚು ಹಿಡಿಸಿತು. ಹವಾಯೊ ತಕಾಟಾ, 1900ರಲ್ಲಿ ಹವಾಯಿಯಲ್ಲಿ ಜಪಾನಿ ಕುಟುಂಬದಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಎರಡು ಹೆಣ್ಣುಮಕ್ಕಳನ್ನು ಸಾಕುತ್ತ, ದುಡಿದು ದುಡಿದು ಕಾಯಿಲೆ ಬಿದ್ದವರು. ಉಸುಯಿಯವರ ಶಿಷ್ಯರಾದ ಹಯಾಶಿ ಎಂಬ ನೌಕಾಪಡೆಯ ವೈದ್ಯರಲ್ಲಿ ಟೋಕಿಯೊದಲ್ಲಿ ಚಿಕಿತ್ಸೆ ಪಡೆದು, ಅಲ್ಲೇ ವಿದ್ಯೆ ಕಲಿತು, 1937ರಲ್ಲಿ ಹವಾಯಿಗೆ ಹಿಂದಿರುಗಿದರು. 1980ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ 22 ಮಂದಿ ಗುರುಗಳನ್ನು ತಯಾರು ಮಾಡಿದ್ದರು.

ಇನ್ನು ನಿಯಮಗಳು. ಕೋಪಿಸಿಕೊಳ್ಳಬಾರದು, ಚಿಂತಿಸಬಾರದು, ಕೃತಜ್ಞತೆಯಿಂದಿರಬೇಕು, ತನ್ನ ಕೆಲಸವನ್ನು ಶ್ರದ್ಧೆಯಿಂದ ಮಾಡಬೇಕು, ಎಲ್ಲರಲ್ಲೂ ದಯೆಯಿಂದಿರಬೇಕು. ಇದರಲ್ಲಿ ಹೊಸದೇನಿದೆ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡೆ. ಕೋಪ ಸಲ್ಲದೆಂಬ ಬಸವಣ್ಣನವರ ವಚನವನ್ನು ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿಲ್ಲ ನಾನು! ಒಪ್ಪಿಸಲು ತಡವರಿಸಿದ ಹುಡುಗನ ಮೇಲೆ ರೇಗಿದ್ದೂ ಉಂಟು. ಆದರೆ ಈ ಐದಕ್ಕೂ ಮೊದಲು ಒಂದು ಸಣ್ಣ ಮಾತಿದೆ, ಇವತ್ತಿನ ಮಟ್ಟಿಗೆ ಎಂದು. ಅಷ್ಟು ದೂರದಿಂದ ಬಂದ ಚೀಟಿಯಲ್ಲಿ ನನ್ನ ಕೈಗೆ ಸಿಕ್ಕಿದ್ದು ಆ ಮಾತೇ.

ಇನ್ನು ಮೇಲೆ ಅತ್ತೆಯ ಮೇಲೆ ಕೂಗಾಡುವುದಿಲ್ಲ ಎಂದು ದೇವರ ಮುಂದೆ ಎಷ್ಟು ಸಲ ಆಣೆ ಮಾಡಿದ್ದೆನೋ. "ಇನ್ನು ಮೇಲೆ" ಎಂಬುದು ಬಹಳ ದೊಡ್ಡ ಹೊರೆ. ಮೂರನೇ ದಿನ ಆಣೆ ಮುರಿಯುತ್ತಿತ್ತು. ಮುರಿದ ಮೇಲೆ ಹೇಗೂ ಕೆಟ್ಟವಳಾದೆನಲ್ಲ ಎಂದು ಇನ್ನಷ್ಟು ರೇಗುತ್ತಿದ್ದೆ. ಇವತ್ತೊಂದು ದಿನ ಎಂದರೆ ಲೆಕ್ಕ ಸುಲಭ. ಬೆಳಗ್ಗೆ ಐದೂವರೆಗೆ ಹಾಲು ಕಾಯಲು ಇಟ್ಟು, ಅದು ಉಕ್ಕುವವರೆಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೈಮುಗಿದು ಕೂರುತ್ತೇನೆ. ಬೇಕಾದರೆ ನಾಳೆ ಕೂಗಾಡೋಣ, ಇವತ್ತು ಬೇಡ. ಉಸುಯಿಯವರು ಬೆಳಗ್ಗೆ, ಸಂಜೆ ಎರಡು ಹೊತ್ತೂ ಕೈಮುಗಿದು ಕೂತು ಈ ಮಾತುಗಳನ್ನು ಹೇಳಿಕೊಳ್ಳಬೇಕೆಂದರಂತೆ. ನನಗೆ ಸಂಜೆ ಕೂರಲು ಬಿಡುವೆಲ್ಲಿ? ಬೀದಿಯ ಗೇಟಿನ ಚಿಲಕ ತೆಗೆಯುವಾಗ ಒಂದು ಸಲ ಹೇಳಿಕೊಳ್ಳುತ್ತೇನೆ.

ಚಿಂತೆಯ ನಿಯಮವನ್ನು ನನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ಗ್ಯಾಸ್ ಹಚ್ಚಿಬಿಟ್ಟಾರೆಂದು ಪಾಠದ ಮಧ್ಯೆ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಹೊರಡುವಾಗ ರೆಗ್ಯುಲೇಟರ್ ಬಂದ್ ಮಾಡಿ, ಬೀದಿಬಾಗಿಲಿಗೆ ಮೇಲಿನ ಚಿಲಕ ಹಾಕಿಸುತ್ತೇನೆ. ಕೈಯಲ್ಲಾದದ್ದು ಇಷ್ಟು, ಮಿಕ್ಕದ್ದು ಇವತ್ತಿನ ಮಟ್ಟಿಗೆ ಬೇಡ. ಹಗಲಲ್ಲಿ ಅತ್ತೆಯನ್ನು ನೋಡಿಕೊಳ್ಳುವ ಹೆಂಗಸಿನ ರಜೆಗಳನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಗುರುತಿಸುತ್ತಿದ್ದೆ. ಒಂದು ದಿನ ಅವಳು ಬಂದ ದಿನಗಳನ್ನು ಎಣಿಸಿ ನೋಡಿದೆ. ಆ ತಿಂಗಳು ಇಪ್ಪತ್ತಾರು! ಸುತ್ತು ಹಾಕುವುದನ್ನು ಅವತ್ತೇ ಬಿಟ್ಟೆ.

ನಾಲ್ಕನೆಯ ನಿಯಮ ನನ್ನನ್ನು ಸುಮ್ಮನೆ ಬಿಡಲಿಲ್ಲ. ಡಿಕಾಕ್ಷನ್ ಬಿದ್ದು 11 ಪತ್ರಿಕೆಗಳ ಅಕ್ಷರ ಅಳಿಸಿಹೋಗಿದ್ದವು. ಆ ಮಕ್ಕಳ ಹಿಂದಿನ ಅಂಕ ನೋಡಿ ಅಂದಾಜಿನ ಮೇಲೆ ಅಂಕ ಕೊಟ್ಟಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಶಾಲೆ ಮತ್ತೆ ಶುರುವಾದ ವಾರ ಮುಖ್ಯೋಪಾಧ್ಯಾಯರ ಮುಂದೆ ನಿಂತು ಹೇಳಿದೆ. ಅವರು ಬೈದರು, ಬೈಯಬೇಕಾದದ್ದೇ. 11 ಮಕ್ಕಳಿಗೂ ಮತ್ತೆ ಪರೀಕ್ಷೆ ಕೊಟ್ಟೆ. ನಾನು 18 ಅಂಕ ಕೊಟ್ಟಿದ್ದ ಹುಡುಗಿ 31 ತೆಗೆದಿದ್ದಳು. "ಮಿಸ್, ಆಗಲೂ ಚೆನ್ನಾಗೇ ಬರೆದಿದ್ದೆ" ಎಂದಳು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಅಷ್ಟು ತಲೆ ತಗ್ಗಿಸಿದ್ದಿಲ್ಲ.

ಕೊನೆಯದು ದಯೆ. ಅದಕ್ಕೆ ನನಗೆ ಅತ್ತೆಯೇ ಗುರು. ಅವರಿಗೆ ನಿನ್ನೆ ಎಂಬುದಿಲ್ಲ. ನಾನು ಬೈದದ್ದು, ಎಳೆದದ್ದು ಒಂದೂ ಅವರ ಲೆಕ್ಕದಲ್ಲಿಲ್ಲ. ನನಗೆ ಎಲ್ಲ ನೆನಪಿದೆ. ಕ್ಷಮೆ ಕೇಳೋಣವೆಂದರೆ ಯಾವುದಕ್ಕೆಂದು ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ರಾತ್ರಿ ಅವರ ಮಗ್ಗುಲಲ್ಲಿ ಕೂತು, ಶಿಬಿರದಲ್ಲಿ ಹೇಳಿಕೊಟ್ಟಂತೆ ಹಣೆಯ ಮೇಲೆ, ಭುಜದ ಮೇಲೆ ಕೈಯಿಡುತ್ತೇನೆ. ಕೊನೆಗೆ ಆ ಮಣಿಕಟ್ಟಿನ ಮೇಲೆ. ನೀಲಿ ಯಾವತ್ತೋ ಮಾಸಿದೆ. ಆದರೂ ಅಲ್ಲೇ ಸ್ವಲ್ಪ ಹೆಚ್ಚು ಹೊತ್ತು.

"ನಿನ್ನ ಕೈ ಬೆಚ್ಚಗಿದೆ ಕಣೇ" ಎನ್ನುತ್ತಾರೆ. ಆಮೇಲೆ, "ಅಣ್ಣ ಬಂದನೇನೇ?"

"ಬರ್ತಾರಮ್ಮ. ಸಂತೆಯಿಂದ ನಿಮಗೆ ಏನು ತರ್ತಿದ್ದರು ಅವರು?"

"ಬತ್ತಾಸು" ಎಂದು ಮಗುವಿನಂತೆ ನಗುತ್ತಾರೆ. ಆ ಕತೆ ಹೇಳುತ್ತ ಹೇಳುತ್ತಲೇ ಅವರಿಗೆ ನಿದ್ದೆ ಬರುತ್ತದೆ.

ಗೆದ್ದೆನೆಂದು ನೀವು ತಿಳಿಯಬೇಡಿ. ಹೋದ ಮಂಗಳವಾರ ಅವರು ಸೊಪ್ಪಿನ ಸಾರನ್ನು ಗೋಡೆಗೆ ಬಳಿದಾಗ ನಾನು ಕೂಗಿದ್ದು ಎದುರುಮನೆಗೆ ಕೇಳಿಸಿರಬೇಕು. ಬುಧವಾರ ಬೆಳಗ್ಗೆ ಹಾಲಿಗೆ ಇಟ್ಟು ಮತ್ತೆ ಸ್ಟೂಲಿನ ಮೇಲೆ ಕೂತೆ.