ಹಳೆಯ ಟಿವಿಗೆ ಎಷ್ಟು ಕೊಡಬಹುದು?

ಅಕೌಂಟೆನ್ಸಿ ಪುಸ್ತಕದಲ್ಲಿ ಸವಕಳಿ ಲೆಕ್ಕ ಎಂದರೆ ಯಾವಾಗಲೂ ಯಂತ್ರವೋ ಪೀಠೋಪಕರಣವೋ ಇರುತ್ತದೆ. ಈ ವರ್ಷ ನಮ್ಮ ಮನೆಯಲ್ಲಿ ಅದೇ ಲೆಕ್ಕ ಒಂದು ಟಿವಿಯ ಮೇಲೆ ಬಂತು.

ವರದಹಳ್ಳಿಯಲ್ಲಿ ಅಬ್ಬಾ ಕೆಲಸಕ್ಕೆ ಹೋಗುವ ಅಡಿಕೆ ತೋಟದ ಒಡೆಯರು ದೊಡ್ಡ ಟಿವಿ ತಂದರು. ಹಳೆಯದು 32 ಇಂಚಿನದು, 2018ರಲ್ಲಿ 22,000 ರೂಪಾಯಿಗೆ ಕೊಂಡದ್ದು. "ಸಾಬ್ರೆ, ಬೇಕಾದ್ರೆ ತಗಳಿ. ಬೆಲೆ ನೀವೇ ಹೇಳಿ" ಎಂದರಂತೆ. ಅವರೇ ಬೆಲೆ ಹೇಳಿದ್ದರೆ ಚೌಕಾಸಿ ಮಾಡಬಹುದಿತ್ತು. ಇದು ಅದಕ್ಕಿಂತ ಕಷ್ಟ. ಕಡಿಮೆ ಹೇಳಿದರೆ ಮಳೆಗಾಲದಲ್ಲಿ ಮುಂಗಡ ಕೊಡುವ ಮನುಷ್ಯರ ಮುಂದೆ ಸಣ್ಣವರಾಗುತ್ತೇವೆ. ಹೆಚ್ಚು ಹೇಳಿದರೆ ನಮ್ಮದೇ ಗಂಟು ಕರಗುತ್ತದೆ. ಅಬ್ಬಾ ನನ್ನ ಕಡೆ ನೋಡಿ, "ಕಾಮರ್ಸ್ ಓದ್ತೀಯಲ್ಲ, ಲೆಕ್ಕ ಹಾಕು" ಎಂದರು.

ಹಾಕಿದೆ. 10 ವರ್ಷ ಆಯಸ್ಸು, ಗುಜರಿ ಬೆಲೆ 1,000 ಎಂದು ಹಿಡಿದರೆ ವರ್ಷಕ್ಕೆ 2,100 ಸವಕಳಿ. ಏಳು ವರ್ಷ ಕಳೆದು ಉಳಿಯುವುದು 7,300. ಪ್ರತಿವರ್ಷ ಉಳಿದ ಬೆಲೆಯ ಮೇಲೆ ಶೇ 20 ಕಳೆಯುತ್ತ ಹೋದರೆ ಸುಮಾರು 4,600. ಒಂದೇ ಟಿವಿ, ಎರಡು ಬೆಲೆ! ಸವಕಳಿ ಇರುವುದು ಕೊಟ್ಟ ಹಣವನ್ನು ವರ್ಷಗಳಿಗೆ ಹಂಚುವುದಕ್ಕೆ, ಮಾರಿದರೆ ಎಷ್ಟು ಬರುತ್ತದೆ ಎಂದು ಹೇಳುವುದಕ್ಕಲ್ಲ ಎಂಬ ಮಾತು ಆಗ ಸರಿಯಾಗಿ ತಲೆಗೆ ಹೋಯಿತು. ಅಲ್ಲದೆ ಆ 22,000ದಲ್ಲಿ ಶೇ 28ರ ಜಿಎಸ್‌ಟಿಯೇ 4,800ರಷ್ಟಿತ್ತು. 32 ಇಂಚಿನವರೆಗಿನ ಟಿವಿಗೆ ಅದು ಶೇ 18ಕ್ಕೆ ಇಳಿದದ್ದು 2019ರ ಜನವರಿ 1ರಿಂದ. ಅವರು ಕಟ್ಟಿದ ಹಳೆಯ ತೆರಿಗೆಯನ್ನು ನಾವೇಕೆ ಹೊರಬೇಕು?

ಆಮೇಲೆ ಹೊಸ ಟಿವಿಯಿಂದ ಹಿಂದಕ್ಕೆ ಬಂದೆ. ಸಾಗರದ ಅಂಗಡಿಯಲ್ಲಿ ವಿಚಾರಿಸಿದಾಗ ಇದೇ ಅಳತೆಯದಕ್ಕೆ 11,000 ಎಂದರು. ಎಂಟು ವರ್ಷ ಬಂದರೆ ವರ್ಷಕ್ಕೆ 1,375. ಹಳೆಯದು ಇನ್ನು ಮೂರು ವರ್ಷ ಬಾಳಿದರೆ 4,125. ವಾರಂಟಿ ಇಲ್ಲದ್ದಕ್ಕೆ ಅದರಲ್ಲೂ ಕಳೆಯಬೇಕು. ಎಷ್ಟು ಕಳೆಯಬೇಕೆಂದು ಟಿವಿ ನೋಡದೆ ಹೇಳುವಂತಿಲ್ಲ.

ಭಾನುವಾರ ಪೆನ್‌ಡ್ರೈವಿನಲ್ಲಿ ಬರೀ ಬಿಳಿ ಬಣ್ಣದ ಚಿತ್ರವೊಂದನ್ನು ಹಾಕಿಕೊಂಡು ಹೋದೆ. ಬಿಳಿ ಪರದೆಯಲ್ಲಿ ಯಾವ ಕಲೆಯೂ ಅಡಗುವುದಿಲ್ಲ. ಗೆರೆ ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ, ಪ್ಯಾನೆಲ್ ಬದಲಿಸುವ ಖರ್ಚು ಹೊಸ ಟಿವಿಯ ಹತ್ತಿರ ಹೋಗುತ್ತದೆ. ಹಿಂದಿನ ಎಲ್‌ಇಡಿ ಪಟ್ಟಿ ಕೆಟ್ಟರೆ ಅಷ್ಟಿಲ್ಲ, ರಿಪೇರಿಯಾಗುತ್ತದೆ. ಒಂದು ಗಂಟೆ ಓಡಿಸಿಯೇ ನೋಡಿದೆವು. ಕೆಲವು ದೋಷ ಬಿಸಿಯಾದ ಮೇಲೆ ತೋರುವಂಥವು. ಗೆರೆ ಇರಲಿಲ್ಲ, ಎಡಗಡೆಯ ಕೆಳಮೂಲೆ ಮಾತ್ರ ಮಂಕು. ಯೂಟ್ಯೂಬ್ ತೆರೆಯಲೇ ಇಲ್ಲ. ಆದರೆ ದಾದಿಗೆ ಬೇಕಾದದ್ದು ಡಿಡಿ ಉರ್ದು, ಅದು ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್‌ನಲ್ಲಿ ಬರುತ್ತದೆ.

ಹೊರಡುವಾಗ ಒಡೆಯರು ತಾವಾಗಿಯೇ, "ಹೋದ ವರ್ಷ ಸಿಡಿಲಿಗೆ ಒಳಗಿನ ಬೋರ್ಡು ಸುಟ್ಟಿತ್ತು, ರಿಪೇರಿ ಮಾಡ್ಸಿದ್ದು" ಎಂದರು. ಮಾಲಿನ ಐಬು ಮುಚ್ಚಿಟ್ಟು ಮಾರಬಾರದೆಂದು ಮದರಸಾದಲ್ಲಿ ಕಲಿತಿದ್ದೆ. ಕೇಳದೆಯೇ ಐಬು ಹೇಳಿದ ವ್ಯಾಪಾರ ಕಂಡದ್ದು ಅಂದೇ. ಅಬ್ಬಾನಿಗೆ ಇದರಿಂದ ಇನ್ನೂ ಸಂಕೋಚವಾಯಿತು. ನಾನು ಮಾತ್ರ ಬೋರ್ಡಿಗೆಂದು 600 ಕಳೆದು 3,500 ಎಂದೆ. ಇಷ್ಟು ಒಳ್ಳೆಯವರ ಹತ್ತಿರ ಲೆಕ್ಕ ಹೇಳುವುದು ಮರ್ಯಾದೆಗೇಡು ಎಂದು ನನಗೇನೂ ಅನಿಸಲಿಲ್ಲ.

"ಆಯ್ತು, ಕೊಳೆ ಔಷಧಿ ಹೊಡೆಯೋ ಕೂಲೀಲಿ ಹಿಡ್ಕೊಂಡ್ರಾಯ್ತು" ಎಂದರು ಒಡೆಯರು. ಅಬ್ಬಾ ಒಪ್ಪಲಿಲ್ಲ. ಕೂಲಿಯ ಲೆಕ್ಕಕ್ಕೆ ಟಿವಿ ಸೇರಿದರೆ ಯಾವ ವಾರ ಎಷ್ಟು ಬರಬೇಕೆಂಬುದೇ ತಿಳಿಯುವುದಿಲ್ಲವಂತೆ. ಎರಡು ವಾರ ಬಿಟ್ಟು ನಗದು ಕೊಟ್ಟು ತಂದರು. ರಶೀದಿ ನಾನೇ ಬರೆದೆ, ಮೂಲೆ ಮಂಕು ಎಂಬುದನ್ನೂ ಸೇರಿಸಿ. ಒಡೆಯರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಸಹಿ ಮಾಡಿದರು.